ಕಾರಿನ ಆಯಿಲ್ ಫಿಲ್ಟರು: ಕಿಲೋಮೀಟರಲ್ಲ, ಗಂಟೆಯ ಲೆಕ್ಕ



ಬೆಂಗಳೂರಿನ ಶಿವಾಜಿನಗರದಿಂದ ಹೊರಟು ಹಲಸೂರು, ಇಂದಿರಾನಗರದ ಅಂಚು, ಬೈಯಪ್ಪನಹಳ್ಳಿ, ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ತೂಗುಸೇತುವೆ ಸೇರಲು ಹತ್ತು ಹನ್ನೆರಡು ಕಿಲೋಮೀಟರು. ಭಾನುವಾರ ಮುಂಜಾನೆ ಹಳೇ ಮದ್ರಾಸ್ ರಸ್ತೆ ಖಾಲಿಯಿದ್ದಾಗ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಮುಗಿಯುವ ದಾರಿ ಇದು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಗಂಟೆಯೂ ಸಾಲದೇ ಹೋಗಬಹುದು. ಎರಡೂ ದಿನ ಮೀಟರಿನಲ್ಲಿ ಏರುವ ಕಿಲೋಮೀಟರು ಒಂದೇ. ಎಂಜಿನ್ನಿನ ಒಳಗಿನ ಆಯಿಲ್ ಮಾತ್ರ ಸೋಮವಾರ ಎರಡು ಮೂರು ಪಟ್ಟು ಹೆಚ್ಚು ಹೊತ್ತು ದುಡಿದಿರುತ್ತದೆ. ಅದನ್ನು ಶೋಧಿಸುವ ಫಿಲ್ಟರೂ ಅಷ್ಟೇ ದುಡಿದಿರುತ್ತದೆ.

ಈ ಫಿಲ್ಟರಿನ ಬಗ್ಗೆ ಮಾತಾಡಲು ಒಂದು ಕಾರಣವಿದೆ. ಕಾರಿನ ಬಣ್ಣ, ಟೈರು, ಮೈಲೇಜು, ಎಲ್ಲದರ ಬಗ್ಗೆ ನಾವು ವಿಚಾರಿಸುತ್ತೇವೆ. ಸರ್ವಿಸಿನ ಬಿಲ್ಲಿನಲ್ಲಿ ಕೊನೆಯಲ್ಲೆಲ್ಲೋ ಬರುವ, ಸಣ್ಣ ಪೆಟ್ರೋಲ್ ಕಾರಿಗಾದರೆ ನೂರು ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಆಯಿಲ್ ಫಿಲ್ಟರು ಯಾವುದು, ಅದನ್ನು ನಿಜವಾಗಿ ಬದಲಿಸಿದರೇ ಎಂದು ಕೇಳುವವರು ಕಡಿಮೆ. ಎಂಜಿನ್ ಬಿಚ್ಚಿ ಹೊಸ ಬೇರಿಂಗು, ಹೊಸ ರಿಂಗು ಹಾಕಿಸುವ ಕೆಲಸವಾದರೆ ಹತ್ತಾರು ಸಾವಿರ ರೂಪಾಯಿ. ಆ ಖರ್ಚು ಬಂದಾಗ ಎಷ್ಟೋ ಸಲ ಮೂಲ ಹುಡುಕಿದರೆ ಸಿಗುವುದು ಸಮಯಕ್ಕೆ ಬದಲಿಸದ ಆಯಿಲ್ ಮತ್ತು ಸರಿಯಿಲ್ಲದ ಫಿಲ್ಟರು.

ಎಂಜಿನ್ನಿನ ತಳದಲ್ಲಿ ಸಂಪ್ ಎಂಬ ತಟ್ಟೆಯಿದೆ. ಸಣ್ಣ ಕಾರಿನಲ್ಲಿ ಸುಮಾರು ಮೂರು, ಮೂರೂವರೆ ಲೀಟರ್ ಆಯಿಲ್ ಅಲ್ಲಿ ನಿಂತಿರುತ್ತದೆ. ಎಂಜಿನ್ ತಿರುಗಿದ ಕೂಡಲೇ ಪಂಪು ಅದನ್ನು ಹೀರುತ್ತದೆ. ಹೀರುವ ಬಾಯಿಗೆ ತಂತಿಯ ಜಾಲರಿ ಇರುತ್ತದೆ. ಅದು ದೊಡ್ಡ ಚೂರುಗಳನ್ನಷ್ಟೇ ತಡೆಯುತ್ತದೆ. ಅಲ್ಲಿಂದ ಒತ್ತಡದಲ್ಲಿ ಹೊರಟ ಆಯಿಲ್ ನೇರವಾಗಿ ಫಿಲ್ಟರಿಗೆ ಬರುತ್ತದೆ. ಫಿಲ್ಟರನ್ನು ಕೈಯಲ್ಲಿ ಹಿಡಿದು ಅದರ ಬಾಯಿಯ ಕಡೆ ನೋಡಿ. ಸುತ್ತ ಸಣ್ಣ ಸಣ್ಣ ತೂತುಗಳಿವೆ, ನಡುವೆ ಥ್ರೆಡ್ಡು ಇರುವ ದೊಡ್ಡ ತೂತಿದೆ. ಸುತ್ತಲ ತೂತುಗಳಿಂದ ಆಯಿಲ್ ಒಳಗೆ ಬಂದು, ಕಾಗದವನ್ನು ಹೊರಗಿನಿಂದ ಒಳಕ್ಕೆ ದಾಟಿ, ನಡುವಿನ ತೂತಿನಿಂದ ಎಂಜಿನ್ನಿಗೆ ಹಿಂತಿರುಗುತ್ತದೆ. ಆ ಕಾಗದವನ್ನು ಸೀರೆಯ ನೆರಿಗೆಯಂತೆ ಮಡಿಸಿ ವರ್ತುಲವಾಗಿ ಕೂರಿಸಿರುತ್ತಾರೆ. ಬಿಡಿಸಿ ಹಾಸಿದರೆ ಹಲವು ಫಿಲ್ಟರುಗಳಲ್ಲಿ ಮೀಟರಿಗೂ ಉದ್ದವಾಗುತ್ತದೆ. ಇಷ್ಟು ಕಾಗದ ಬೇಕು. ಏಕೆಂದರೆ ರಸ್ತೆಯ ಮೇಲೆ ಓಡುವಾಗ ಸಂಪಿನಲ್ಲಿರುವಷ್ಟೂ ಆಯಿಲ್ ಒಂದೇ ನಿಮಿಷದಲ್ಲಿ ಹಲವು ಬಾರಿ ಇದರ ಮೂಲಕ ಹಾಯುತ್ತದೆ.

ಶೋಧಿಸಿದ ಆಯಿಲ್ ಮೊದಲು ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳಿಗೆ, ಆಮೇಲೆ ಕನೆಕ್ಟಿಂಗ್ ರಾಡುಗಳಿಗೆ, ಮೇಲೆ ಕ್ಯಾಮ್ ಶಾಫ್ಟಿಗೆ, ಟರ್ಬೊ ಇದ್ದರೆ ಅದಕ್ಕೂ ಹೋಗುತ್ತದೆ. ಟರ್ಬೊ ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗಬಲ್ಲದು. ಬಹುತೇಕ ಟರ್ಬೊಗಳಲ್ಲಿ ಅದನ್ನು ಹಿಡಿದಿರುವುದು ಆಯಿಲ್ಲಿನ ತೆಳು ಪದರ ಮಾತ್ರ. ಬೇರಿಂಗಿಗೂ ಶಾಫ್ಟಿಗೂ ನಡುವೆ ಬಿಡುವ ಜಾಗ ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲಿ ಮೂರು ಐದು ಭಾಗ, ಅಂದರೆ 30ರಿಂದ 50 ಮೈಕ್ರಾನು. ಭಾರ ಬಿದ್ದಾಗ ಒಂದು ಬದಿಯಲ್ಲಿ ಆಯಿಲ್ಲಿನ ಪದರ ಕೆಲವೇ ಮೈಕ್ರಾನಿಗೆ ಇಳಿಯುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು. ಹಾಗಾಗಿ ಎಂಜಿನ್ನನ್ನು ಸವೆಸುವ ಕಸ ಕಣ್ಣಿಗೆ ಕಾಣುವಂಥದ್ದಲ್ಲ. ಆ ಪದರದಷ್ಟೋ ಅದಕ್ಕಿಂತ ತುಸು ಹೆಚ್ಚೋ ದಪ್ಪವಿರುವ, ಹತ್ತಿಪ್ಪತ್ತು ಮೈಕ್ರಾನಿನ ಆಸುಪಾಸಿನ ಗಟ್ಟಿ ಕಣಗಳು ಎಂಜಿನ್ನನ್ನು ಸವೆಸುತ್ತವೆ. ಅವುಗಳಲ್ಲಿ ಅತಿ ಕೆಟ್ಟದ್ದು ರಸ್ತೆಯ ಮಣ್ಣಿನ ದೂಳು, ಏಕೆಂದರೆ ಅದರಲ್ಲಿ ಮರಳಿನ ಅಂಶವಿದೆ. ಹೊರವರ್ತುಲ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿಯಿಂದ ಆಚೆಗೆ ಮೆಟ್ರೊ ಕಾಮಗಾರಿಯ ಪಕ್ಕದಲ್ಲಿ ದಿನವೂ ಓಡಾಡುವವರಿಗೆ ಆ ದೂಳು ಎಷ್ಟೆಂದು ಗೊತ್ತು. ಅದನ್ನು ಮೊದಲು ತಡೆಯಬೇಕಾದುದು ಏರ್ ಫಿಲ್ಟರು. ಅದು ಹರಿದಿದ್ದರೆ, ಸರಿಯಾಗಿ ಕೂತಿಲ್ಲದಿದ್ದರೆ, ಎಷ್ಟು ಒಳ್ಳೆಯ ಆಯಿಲ್ ಫಿಲ್ಟರು ಹಾಕಿದರೂ ಎಂಜಿನ್ ಉಳಿಯುವುದು ಕಷ್ಟ.

ಫಿಲ್ಟರು ಮಾಡಲಾಗದ ಕೆಲಸವೂ ಇದೆ. ಕಾಗದವು ಗಟ್ಟಿ ಕಣವನ್ನು ಹಿಡಿಯಬಲ್ಲದು. ಆಯಿಲ್ಲಿನಲ್ಲಿ ಬೆರೆತ ಪೆಟ್ರೋಲನ್ನು, ನೀರನ್ನು, ಆಮ್ಲವನ್ನು ಹಿಡಿಯಲಾರದು. ಡೀಸೆಲ್ ಎಂಜಿನ್ನಿನ ಮಸಿ ಎಷ್ಟು ಸೂಕ್ಷ್ಮವೆಂದರೆ ಬಹುಪಾಲು ಕಾಗದವನ್ನು ದಾಟಿಯೇ ಹೋಗುತ್ತದೆ. ಅದನ್ನು ಗಂಟು ಕಟ್ಟದಂತೆ ಆಯಿಲ್ಲಿನಲ್ಲೇ ತೇಲಿಸಿಟ್ಟಿರುವುದು ಆಯಿಲ್ಲಿಗೆ ಸೇರಿಸಿದ ರಾಸಾಯನಿಕಗಳು. ಅವು ದಿನ ಕಳೆದಂತೆ ಖರ್ಚಾಗುತ್ತವೆ. ಹಾಗಾಗಿ ಬರೀ ಫಿಲ್ಟರು ಬದಲಿಸಿ ಹಳೆ ಆಯಿಲ್ಲಿನಲ್ಲೇ ಓಡಿಸುವುದೂ ತಪ್ಪು, ಹೊಸ ಆಯಿಲ್ ಹಾಕಿ ಹಳೆ ಫಿಲ್ಟರು ಉಳಿಸುವುದೂ ತಪ್ಪು. ಹಳೆ ಫಿಲ್ಟರಿನೊಳಗೇ ಕೊಳೆ ಆಯಿಲ್ ಉಳಿದಿರುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದ ಕ್ಷಣ ಅದು ಹೊಸದರ ಜೊತೆ ಸೇರುತ್ತದೆ.

ಈಗ ನಮ್ಮ ಹಳೇ ಮದ್ರಾಸ್ ರಸ್ತೆಯ ಲೆಕ್ಕಕ್ಕೆ ಬರೋಣ. ಈಚಿನ ಬಹಳಷ್ಟು ಕಾರುಗಳ ಕೈಪಿಡಿಯಲ್ಲಿ 10,000 ಕಿಲೋಮೀಟರಿಗೆ ಅಥವಾ ಒಂದು ವರ್ಷಕ್ಕೆ, ಯಾವುದು ಮೊದಲೋ ಆಗ ಆಯಿಲ್ ಮತ್ತು ಫಿಲ್ಟರು ಬದಲಿಸಿ ಎಂದಿರುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 50 ಕಿಲೋಮೀಟರಿನಂತೆ ಓಡಿದ ಕಾರು 10,000 ಕಿಲೋಮೀಟರು ಮುಗಿಸಲು 200 ಗಂಟೆ ಸಾಕು. ಗಂಟೆಗೆ 15 ಕಿಲೋಮೀಟರಿನಂತೆ ತೆವಳಿದ ಕಾರಿಗೆ 660 ಗಂಟೆಗೂ ಹೆಚ್ಚು ಬೇಕು. ಸಿಗ್ನಲ್ಲಿನಲ್ಲಿ ನಿಂತಾಗಲೂ ಎಂಜಿನ್ ನಿಮಿಷಕ್ಕೆ 700, 800 ಸುತ್ತು ತಿರುಗುತ್ತಲೇ ಇರುತ್ತದೆ. ಇದಕ್ಕಿಂತ ಕೆಟ್ಟದ್ದು ತೀರಾ ಹತ್ತಿರದ ಓಡಾಟ. ಹಲಸೂರಿನ ಮನೆಯಿಂದ ಇಂದಿರಾನಗರದ ಅಂಗಡಿಗೆ, ಅಲ್ಲಿಂದ ಮಗುವಿನ ಶಾಲೆಗೆ, ಮತ್ತೆ ಮನೆಗೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಆವಿ ಹೊರಗೆ ಹೋಗುತ್ತದೆ. ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಬಂದರೂ ಆಯಿಲ್ ಕಾಯುವುದಿಲ್ಲ. ನೀರು ಅಲ್ಲೇ ಉಳಿದು ಆಯಿಲ್ ಕೆಡುತ್ತದೆ, ಕೊನೆಗೆ ಕಪ್ಪು ಗಸಿಯಾಗುತ್ತದೆ. ಗಸಿ ಬಂದು ಕೂರುವುದು ಫಿಲ್ಟರಿನ ನೆರಿಗೆಗಳಲ್ಲೇ.

ಬಹುತೇಕ ಕೈಪಿಡಿಗಳಲ್ಲಿ ಕಠಿಣ ಬಳಕೆಗೆ ಬೇರೆಯೇ ಪಟ್ಟಿಯಿರುತ್ತದೆ. ದೂಳಿನ ರಸ್ತೆ, ಹತ್ತಿರದ ಓಡಾಟ, ನಿಂತಲ್ಲೇ ಬಹಳ ಹೊತ್ತು ಎಂಜಿನ್ ತಿರುಗುವುದು, ಇವೆಲ್ಲ ಅದರಲ್ಲಿ ಬರುತ್ತವೆ. ದಯವಿಟ್ಟು ಆ ಪುಟ ತೆಗೆದು ಓದಿ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ದಿನಾ ಓಡುವ ಕಾರು ಆ ಪಟ್ಟಿಗೇ ಸೇರಿದ್ದೆಂದು ನಾನು ಖಚಿತವಾಗಿ ಹೇಳುತ್ತೇನೆ. ನನ್ನನ್ನು ಕೇಳಿದರೆ ಇಂಥ ಕಾರಿಗೆ 10,000 ಕಿಲೋಮೀಟರು ಕಾಯುವುದು ಬೇಡ, ಆರೇಳು ಸಾವಿರಕ್ಕೆ ಬದಲಿಸಿ. ಮೊದಲೇ ಬದಲಿಸಿದ್ದರಿಂದ ಎಂಜಿನ್ನಿಗೆ ಯಾವ ಕೇಡೂ ಇಲ್ಲ. ಬಿಲ್ಲು ಮಾತ್ರ ಜೋಪಾನವಾಗಿಡಿ, ವಾರಂಟಿಗೆ ಬೇಕಾಗುತ್ತದೆ.

ಮೋಟಾರು ವಾಹನಕ್ಕೆ ಆಯಿಲ್ ಫಿಲ್ಟರು ಹುಟ್ಟಿನಿಂದಲೇ ಬಂದದ್ದಲ್ಲ. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿಗೆ ಫಿಲ್ಟರೇ ಇರಲಿಲ್ಲ. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ಎಂಬವರು ಕಾರಿಗೆ ಹಾಕುವ ಫಿಲ್ಟರನ್ನು ರೂಪಿಸಿ ಅದಕ್ಕೆ ಪ್ಯೂರೊಲೇಟರ್ ಎಂದು ಹೆಸರಿಟ್ಟರು. ಆ ಹೆಸರಿನ ಡಬ್ಬಿಗಳು ಇಂದಿಗೂ ನಮ್ಮ ಬಿಡಿಭಾಗದ ಅಂಗಡಿಗಳಲ್ಲಿವೆ. ಅಂದಿನ ಫಿಲ್ಟರು ಎಲ್ಲ ಆಯಿಲ್ಲನ್ನೂ ಶೋಧಿಸುತ್ತಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿಯೂ ಹಾಗೆಯೇ. ಬೇರಿಂಗಿಗೆ ಹೋಗುವ ದಾರಿಯಿಂದ ಸ್ವಲ್ಪ ಆಯಿಲ್ಲನ್ನು ಕವಲಾಗಿ ತೆಗೆದು, ಎಂಜಿನ್ ಪಕ್ಕದ ಡಬ್ಬಿಯಲ್ಲಿ ಶೋಧಿಸಿ, ಮತ್ತೆ ಸಂಪಿಗೆ ಬಿಡುತ್ತಿದ್ದರು. ಬೇರಿಂಗಿಗೆ ಆ ಹೊತ್ತಿನಲ್ಲಿ ಹೋಗುವುದು ಶೋಧಿಸದ ಆಯಿಲ್ಲೇ. ಯುದ್ಧ ಮುಗಿದ ಮೇಲೆ ಎಲ್ಲ ಆಯಿಲ್ಲನ್ನೂ ಬೇರಿಂಗಿಗೆ ಹೋಗುವ ಮೊದಲೇ ಶೋಧಿಸುವ ವ್ಯವಸ್ಥೆ ಸಾಮಾನ್ಯವಾಯಿತು. ಇಂದಿನ ಕಾರುಗಳಲ್ಲಿರುವುದು ಅದೇ.

ಹಿಂದೂಸ್ತಾನ್ ಮೋಟರ್ಸಿನ ಅಂಬಾಸಿಡರ್ ಓಡಿಸಿದ ಹಿರಿಯರಿಗೆ ಇನ್ನೊಂದು ಬಗೆ ನೆನಪಿರಬಹುದು. ಅದರ 1489 ಸಿಸಿ ಎಂಜಿನ್ನಿಗೆ ಲೋಹದ ಬಟ್ಟಲು, ಒಳಗೆ ಬದಲಿಸುವ ಕಾಗದದ ಎಲಿಮೆಂಟು, ನಡುವೆ ಉದ್ದನೆಯ ಬೋಲ್ಟು. ಮೇಲಿನ ತೋಡಿನಲ್ಲಿ ರಬ್ಬರ್ ರಿಂಗು ಸರಿಯಾಗಿ ಕೂರದಿದ್ದರೆ ಆಯಿಲ್ ರಸ್ತೆಗೆ ಸೋರುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ, ಡಬ್ಬಿಯ ಸಮೇತ ತಿರುಗಿಸಿ ಬಿಚ್ಚಿ ಹೊಸದನ್ನು ತಿರುಗಿಸಿ ಹಾಕುವ ಫಿಲ್ಟರು ಮನೆಮಾತಾಯಿತು. ಈಗ ಹಲವು ಡೀಸೆಲ್ ಎಂಜಿನ್ನುಗಳಲ್ಲಿ ಮತ್ತೆ ಹಳೆಯ ಪದ್ಧತಿ ಬಂದಿದೆ: ಪ್ಲಾಸ್ಟಿಕ್ ಮುಚ್ಚಳ ತೆಗೆದು ಒಳಗಿನ ಕಾಗದ ಮಾತ್ರ ಬದಲಿಸುವುದು. ಅಂಥದ್ದರಲ್ಲಿ ಓ-ರಿಂಗನ್ನು ಪ್ರತಿ ಸಲವೂ ಹೊಸದೇ ಹಾಕಬೇಕು, ಮುಚ್ಚಳವನ್ನು ಅತಿಯಾಗಿ ಬಿಗಿದು ಸೀಳಬಾರದು.

ಡಬ್ಬಿಯ ಒಳಗೆ ಕಾಗದದ ಜೊತೆಗೆ ಸಾಮಾನ್ಯವಾಗಿ ಎರಡು ವಾಲ್ವುಗಳಿರುತ್ತವೆ. ಫಿಲ್ಟರಿನ ಒಳ್ಳೆಯದು ಕೆಟ್ಟದ್ದು ತೀರ್ಮಾನವಾಗುವುದು ಬಹುಮಟ್ಟಿಗೆ ಇಲ್ಲೇ.

ಮೊದಲನೆಯದು ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ಪೊರೆ. ಹಲವು ಕಾರುಗಳಲ್ಲಿ ಫಿಲ್ಟರು ಅಡ್ಡಲಾಗಿಯೋ ತಲೆಕೆಳಗಾಗಿಯೋ ಇರುತ್ತದೆ. ಎಂಜಿನ್ ನಿಲ್ಲಿಸಿದಾಗ ಆಯಿಲ್ ಸಂಪಿಗೆ ಇಳಿದುಹೋದರೆ, ಮರುದಿನ ಬೆಳಿಗ್ಗೆ ಫಿಲ್ಟರು ತುಂಬುವವರೆಗೆ ಬೇರಿಂಗುಗಳು ಕೆಲವು ಕ್ಷಣ ಬರಿದಾಗಿ ತಿರುಗುತ್ತವೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಕಡಕಡ ಸದ್ದು, ಆಯಿಲ್ ದೀಪ ಆರಲು ತಡ, ಇವು ಕಂಡರೆ ಈ ಪೊರೆಯನ್ನೂ ಅನುಮಾನಿಸಿ. ಅಂಗಡಿಯಲ್ಲಿ ಸುತ್ತಲ ತೂತುಗಳೊಳಗೆ ನೋಡಿದರೆ ಪೊರೆ ಕಾಣುತ್ತದೆ. ಕಡ್ಡಿಯ ತುದಿಯಿಂದ ಮೆಲ್ಲಗೆ ಒತ್ತಿದರೆ ಮೆತ್ತಗೆ ಬಾಗಿ ಮತ್ತೆ ಮುಚ್ಚಿಕೊಳ್ಳಬೇಕು. ಸಿಲಿಕೋನ್ ರಬ್ಬರು ಬಿಸಿಗೆ ಹೆಚ್ಚು ಕಾಲ ಮೆತ್ತಗಿರುತ್ತದೆ, ಸಾಮಾನ್ಯ ಕರಿ ನೈಟ್ರೈಲ್ ರಬ್ಬರು ಬೇಗ ಗಡುಸಾಗುತ್ತದೆ. ಅಡ್ಡಲಾಗಿ ಕೂರುವ ಫಿಲ್ಟರಿಗೆ ಸಿಲಿಕೋನಿನದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎರಡನೆಯದು ಬೈಪಾಸ್ ವಾಲ್ವು. ಕಾಗದ ಕಟ್ಟಿಕೊಂಡಾಗ, ಇಲ್ಲವೇ ಚಳಿಯಲ್ಲಿ ಆಯಿಲ್ ಗಟ್ಟಿಯಾಗಿ ಕಾಗದ ದಾಟದಿದ್ದಾಗ, ಇದು ತೆರೆದು ಶೋಧಿಸದ ಆಯಿಲ್ಲನ್ನೇ ಎಂಜಿನ್ನಿಗೆ ಬಿಡುತ್ತದೆ. ಕೊಳೆ ಆಯಿಲ್ಲಾದರೂ ಇರಲಿ, ಬೇರಿಂಗು ಒಣಗಬಾರದು ಎಂಬ ಲೆಕ್ಕ. ಬೆಂಗಳೂರಿನ ಚಳಿಗೆ ಆಯಿಲ್ ಅಷ್ಟು ಗಟ್ಟಿಯಾಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಈ ವಾಲ್ವು ಮತ್ತೆ ಮತ್ತೆ ತೆರೆಯುತ್ತಿದೆಯೆಂದರೆ ಫಿಲ್ಟರು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಆಗ ಕಾರು ಓಡುತ್ತದೆ, ದೀಪ ಹತ್ತುವುದಿಲ್ಲ, ಯಾವ ಸದ್ದೂ ಬರುವುದಿಲ್ಲ; ಒಳಗೊಳಗೇ ಬೇರಿಂಗು ಸವೆಯುತ್ತಿರುತ್ತದೆ.

ಕೆಲವು ಎಂಜಿನ್ನುಗಳಲ್ಲಿ ಈ ವಾಲ್ವು ಫಿಲ್ಟರಿನಲ್ಲಿರದೆ ಎಂಜಿನ್ನಿನಲ್ಲೇ ಇರುತ್ತದೆ. ಇರುವಲ್ಲಿಯೂ ಅದು ತೆರೆಯುವ ಒತ್ತಡ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ನೋಡಲು ಒಂದೇ ಅಳತೆಯ ಎರಡು ಡಬ್ಬಿಗಳು ಒಳಗೆ ಪೂರಾ ಬೇರೆಯಾಗಿರಬಹುದು. ಥ್ರೆಡ್ಡಿನದೂ ಹೀಗೆಯೇ. ಒಂದು ಬಗೆಯ ಫಿಲ್ಟರಿಗೆ 20 ಮಿಲಿಮೀಟರಿನ ಥ್ರೆಡ್ಡು, ಇನ್ನೊಂದಕ್ಕೆ ಮುಕ್ಕಾಲು ಅಂಗುಲದ್ದು, ಅಂದರೆ 19.05 ಮಿಲಿಮೀಟರು. ಎಂಜಿನ್ನಿನ ಮುಕ್ಕಾಲು ಅಂಗುಲದ ಸ್ಟಡ್ಡಿಗೆ 20 ಮಿಲಿಮೀಟರಿನ ಫಿಲ್ಟರು ಸಡಿಲವಾಗಿ ಏರಿ ಬಿಗಿಯಾದಂತೆ ತೋರುತ್ತದೆ. ಒತ್ತಡ ಬಂದಾಗ ಕಳಚಿ, ನಿಮಿಷದೊಳಗೆ ಆಯಿಲ್ಲೆಲ್ಲ ರಸ್ತೆಪಾಲಾಗಿ ಎಂಜಿನ್ ಸೀಜಾಗಬಹುದು. ಆದ್ದರಿಂದ ಹಳೆ ಫಿಲ್ಟರನ್ನು ಕೈಯಲ್ಲಿ ಹಿಡಿದು ಇಂಥದ್ದೇ ಕೊಡಿ ಎಂದು ಕೇಳುವುದು ಸರಿಯಲ್ಲ. ಕಾರಿನ ಹೆಸರು, ತಯಾರಾದ ವರ್ಷ, ಪೆಟ್ರೋಲೋ ಡೀಸೆಲ್ಲೋ, ಎಂಜಿನ್ ಯಾವುದು, ಇಷ್ಟನ್ನು ಹೇಳಿ ಭಾಗದ ನಂಬರು ತಾಳೆ ನೋಡಿ ಕೊಳ್ಳಿ. ದೊಡ್ಡ ಡಬ್ಬಿ ಹಾಕಿದರೆ ಹೆಚ್ಚು ಶೋಧಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ನಂಬರು ಹೊಂದದಿದ್ದರೆ ಅದನ್ನೂ ಹಾಕಬೇಡಿ.

ಬ್ರ್ಯಾಂಡಿನ ವಿಷಯ ಇಷ್ಟೇ: ಕಾರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ತಯಾರಿಸುವುದಿಲ್ಲ, ಫಿಲ್ಟರ್ ಕಂಪನಿಗಳಿಂದ ಮಾಡಿಸಿ ತಮ್ಮ ಪೆಟ್ಟಿಗೆಯಲ್ಲಿ ಮಾರುತ್ತವೆ. ಹಾಗಾಗಿ ಕಾರು ಕಂಪನಿಯ ಒರಿಜಿನಲ್ ಆದರೂ ಸರಿ, ಬಾಷ್, ಪ್ಯೂರೊಲೇಟರ್, ಎಲೊಫಿಕ್‌ನಂಥ ಹೆಸರಾದ ಕಂಪನಿಯದಾದರೂ ಸರಿ, ನಂಬರು ಹೊಂದಿದರೆ ನಿಶ್ಚಿಂತೆಯಿಂದ ಹಾಕಬಹುದು. ಡಬ್ಬಿಯ ಮೇಲೆ ಶೇಕಡಾ 99 ಶೋಧನೆ ಎಂದು ಬರೆದಿದ್ದರೆ ಎಷ್ಟು ಮೈಕ್ರಾನಿಗೆ ಎಂದು ನೋಡಿ. ಮೈಕ್ರಾನ್ ಹೇಳದ ಶೇಕಡಾಕ್ಕೆ ಬೆಲೆಯಿಲ್ಲ. ಇದನ್ನು ಅಳೆಯಲು ಐಎಸ್‌ಒ 4548-12 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ಕ್ರಮವಿದೆ. ಅದರ ಪ್ರಕಾರ ಅಳೆದ ಅಂಕಿ ಕೊಡುವ ಕಂಪನಿಯನ್ನು ನಾನು ಹೆಚ್ಚು ನಂಬುತ್ತೇನೆ.

ಶಿವಾಜಿನಗರದ ಗುಜರಿಯ ಬಗ್ಗೆ ನನಗೆ ಗೌರವವಿದೆ. ಬೇರೆಲ್ಲೂ ಸಿಗದ ಹಳೆ ಕಾರಿನ ಬಾಗಿಲು, ದೀಪ, ಗೇರ್ ಬಾಕ್ಸು ಅಲ್ಲಿ ಸಿಗುತ್ತವೆ. ಕಂಪನಿಯವರೇ ಕೈಬಿಟ್ಟ ಎಷ್ಟೋ ಗಾಡಿಗಳು ಅಲ್ಲಿನ ಕೆಲಸಗಾರರ ಜ್ಞಾನದಿಂದ ಇನ್ನೂ ಓಡುತ್ತಿವೆ. ಆದರೆ ಫಿಲ್ಟರು ಬಳಸಿ ಬಿಸಾಡುವ ವಸ್ತು. ಹಳೆಯದು, ಪೆಟ್ಟಿಗೆಯಿಲ್ಲದ್ದು, ಬಿಲ್ಲಿಲ್ಲದ್ದು ಎಲ್ಲಿ ಸಿಕ್ಕರೂ ಬೇಡ. ವರ್ಷಗಟ್ಟಲೆ ಗೋಡೌನಿನಲ್ಲಿ ಕೂತ ಹೊಸ ಫಿಲ್ಟರಿನ ರಬ್ಬರೂ ಗಡುಸಾಗಿರಬಹುದು. ಶಿವಾಜಿನಗರದಲ್ಲಾಗಲಿ ಜೆ.ಸಿ. ರಸ್ತೆಯಲ್ಲಾಗಲಿ ಹೊಸ ಬಿಡಿಭಾಗದ ಅಂಗಡಿಯಲ್ಲಿ ಬಿಲ್ಲು ಪಡೆದು ಕೊಳ್ಳಿ. ಪೆಟ್ಟಿಗೆಯ ಮೇಲೆ ಎಂಆರ್‌ಪಿ, ತಯಾರಿಸಿದ ತಿಂಗಳು, ಭಾಗದ ನಂಬರು, ಹಾಲೋಗ್ರಾಂ ಇರುವ ಕಡೆ ಅದು, ಎಲ್ಲ ನೋಡಿ. ಫಿಲ್ಟರಿನ ಮೇಲಿನ ನಂಬರೂ ಪೆಟ್ಟಿಗೆಯ ನಂಬರೂ ಒಂದೇ ಇರಬೇಕು. ಎಂಆರ್‌ಪಿಗಿಂತ ತೀರಾ ಕಡಿಮೆಗೆ ಕೊಟ್ಟರೆ ಡೂಪ್ಲಿಕೇಟ್ ಎಂದೇ ಅನುಮಾನಿಸಿ.

ಹಾಕುವಾಗ ಪಕ್ಕದಲ್ಲಿ ನಿಂತು ನೋಡಿ. ಹಳೆ ಫಿಲ್ಟರಿನ ರಬ್ಬರ್ ರಿಂಗು ಎಂಜಿನ್ನಿಗೇ ಅಂಟಿಕೊಂಡು ಉಳಿದಿದ್ದು, ಅದರ ಮೇಲೇ ಹೊಸದನ್ನು ಬಿಗಿದರೆ ಆಯಿಲ್ ಚಿಮ್ಮುತ್ತದೆ. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ, ರಿಂಗು ತಾಗಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು ಬಿಗಿದರೆ ಸಾಕು. ಪಾನಾ ಬಿಚ್ಚುವುದಕ್ಕೆ, ಬಿಗಿಯುವುದಕ್ಕಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ದೀಪ ಆರಿದ್ದನ್ನು ನೋಡಿ, ನಿಲ್ಲಿಸಿ ಐದು ನಿಮಿಷ ಬಿಟ್ಟು ಡಿಪ್ ಸ್ಟಿಕ್ಕಿನಲ್ಲಿ ಮಟ್ಟ ನೋಡಿ.

ಬಿಚ್ಚಿದ ಹಳೆ ಫಿಲ್ಟರು ಎಂಜಿನ್ನಿನ ಆರೋಗ್ಯದ ವರದಿಯನ್ನೂ ಕೊಡುತ್ತದೆ. ಇದು ನಮ್ಮಲ್ಲಿ ರೂಢಿಯಿಲ್ಲ, ಆಗಬೇಕು. ಮೆಕ್ಯಾನಿಕ್ಕಿಗೆ ಹೇಳಿ ಡಬ್ಬಿಯನ್ನು ಕತ್ತರಿಸಿ, ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಹರಡಿಸಿ. ಕಪ್ಪು ಮಸಿ ಸಹಜ. ಮಿನುಗುವ ಚೂರುಗಳಿದ್ದರೆ ಆಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಕಬ್ಬಿಣ: ರಿಂಗು, ಕ್ಯಾಮು, ಆಯಿಲ್ ಪಂಪು ಯಾವುದೋ ಸವೆಯುತ್ತಿದೆ. ಅಂಟದ ಬಿಳಿ ಚೂರು ಅಲ್ಯೂಮಿನಿಯಂ ಆಗಿದ್ದರೆ ಪಿಸ್ಟನ್ನಿನದೋ ಬೇರಿಂಗಿನದೋ ಇರಬಹುದು. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಹೋಗಿ ಒಳಪದರ ಸವೆಯುತ್ತಿರುವ ಸಾಧ್ಯತೆ ಹೆಚ್ಚು. ಎಂಜಿನ್ ಬಿಚ್ಚಿಸುವ ಹಂತಕ್ಕೆ ಬರುವ ಮೊದಲೇ ಇದು ತಿಳಿದರೆ ಕೆಲಸ ಚಿಕ್ಕದರಲ್ಲೇ ಮುಗಿಯುತ್ತದೆ. ಹಳೆ ಕಾರು ಕೊಳ್ಳುವವರಂತೂ ಮೊದಲ ಸರ್ವಿಸಿನಲ್ಲೇ ಇದನ್ನು ಮಾಡಿಸಬೇಕು.

ಮಳೆಯ ಮಾತೊಂದು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವ ಭಾಗ ಮುಳುಗಿದಾಗ ನೂರಾರು ಕಾರುಗಳು ನೀರಿನಲ್ಲಿ ನಿಂತವು. ಎಂಜಿನ್ ಮಟ್ಟಕ್ಕೆ ನೀರು ಏರಿದ ಕಾರನ್ನು ಸ್ಟಾರ್ಟ್ ಮಾಡಲೇಬಾರದು. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಒಳಗೆ ಹೋಗಿದೆ. ಕಾಗದದ ಫಿಲ್ಟರು ನೀರಿಗೆ ಉಬ್ಬಿ ಬಲ ಕಳೆದುಕೊಳ್ಳುತ್ತದೆ. ಸಿಲಿಂಡರಿನಲ್ಲಿ ನೀರಿಲ್ಲವೆಂದು ಮೆಕ್ಯಾನಿಕ್ಕಿನಿಂದ ಖಚಿತ ಮಾಡಿಸಿ, ಆಯಿಲ್ಲನ್ನೂ ಫಿಲ್ಟರನ್ನೂ ಬದಲಿಸಿ, ಸ್ವಲ್ಪ ಹೊತ್ತು ಓಡಿಸಿ, ಎರಡನ್ನೂ ಮತ್ತೊಮ್ಮೆ ಬದಲಿಸಬೇಕು.

ಕೊನೆಯದಾಗಿ, ಬಳಸಿದ ಆಯಿಲ್ಲನ್ನು ಸರ್ಕಾರದ 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದು ಪಟ್ಟಿ ಮಾಡಿವೆ. ಹಲಸೂರಿನ ಸುತ್ತ ಚರಂಡಿಗೆ ಸುರಿದ ಆಯಿಲ್ ರಾಜಕಾಲುವೆ ಹಿಡಿದು ಬೆಳ್ಳಂದೂರು ಕೆರೆಯ ಕಡೆಗೇ ಹರಿಯುತ್ತದೆ. ಮನೆಯಲ್ಲೇ ಆಯಿಲ್ ಬದಲಿಸುವವರು ಹಳೆ ಫಿಲ್ಟರನ್ನು ಒಂದು ರಾತ್ರಿ ಮಗುಚಿಟ್ಟು ಪೂರ್ತಿ ಬಸಿಯಿರಿ, ಬಸಿದ ಆಯಿಲ್ಲನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ. ಎರಡನ್ನೂ, ಹಳೆ ಆಯಿಲ್ಲನ್ನು ಪರವಾನಗಿ ಇರುವ ಮರುಸಂಸ್ಕರಣೆಯವರಿಗೆ ಕೊಡುವ ಸರ್ವಿಸ್ ಸ್ಟೇಷನ್ನಿಗೆ ಒಪ್ಪಿಸಿ. ಗ್ಯಾರೇಜಿನಲ್ಲಿ ಬದಲಿಸುವವರು, ಈ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಕೇಳಿ.